ಡಿಲೀಟ್ ಆಗಬೇಕಿದ್ದ ಫೋಟೋ ಎಣಿಸಿ ಬ್ರಾಂಡ್ ಬದಲಿಸಿದೆ

ಕ್ಯಾಮೆರಾದ ಬ್ರಾಂಡ್ ಬದಲಿಸಬೇಕೇ ಬೇಡವೇ ಎಂದು ತಿಳಿಯಲು ಮೂರು ತಿಂಗಳು ನಾನು ಒಂದೂ ಫೋಟೋ ಡಿಲೀಟ್ ಮಾಡಲಿಲ್ಲ, ಹಾಳಾದವನ್ನು ಎಣಿಸಿದೆ. ಜೊತೆಗೆ ಶೂಟಿಂಗಿಗೆ ಬರುವ ಗೆಳೆಯರಿಗೆ ಇದು ಹುಚ್ಚಾಟವಾಗಿ ಕಂಡಿತು. "ಹವ್ಯಾಸಕ್ಕೂ ಲೆಕ್ಕಪುಸ್ತಕವೇ? ಬೇಕನಿಸಿದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ" ಎಂದರು ಒಬ್ಬರು. ಈಗ ಹೊಸ ಕಿಟ್ ಕೈಗೆ ಬಂದು ವರ್ಷವಾಗುತ್ತ ಬಂತು. ಅಂದು ಹಾಗೆಂದವರೂ ಸೇರಿ ಇಬ್ಬರು ನನ್ನ ಎಣಿಕೆಯ ಹಾಳೆ ಕೇಳಿ ಪಡೆದುಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಳೆಯದು ಯಾವ ಕಂಪನಿ, ಹೊಸದು ಯಾವುದು ಅಂತ ಹೇಳುವುದಿಲ್ಲ. ಹೇಳಿದ ಕೂಡಲೇ ಓದುವವರು ಪಕ್ಷ ಹಿಡಿಯುತ್ತಾರೆ, ವಿಷಯ ಅಲ್ಲಿಗೇ ನಿಲ್ಲುತ್ತದೆ.

ಎಣಿಸುವ ಯೋಚನೆ ಸುಮ್ಮನೆ ಬಂದದ್ದಲ್ಲ. ಅದಕ್ಕೂ ಆರು ವರ್ಷ ಮೊದಲು ಒಮ್ಮೆ ಬ್ರಾಂಡ್ ಬದಲಿಸಿ ಕೈ ಸುಟ್ಟುಕೊಂಡಿದ್ದೆ. ಆಗ ಒಂದು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ನಾಲ್ಕು ಲೆನ್ಸ್ ಒಟ್ಟಿಗೆ ಒಬ್ಬನೇ ವ್ಯಾಪಾರಿಗೆ ಕೊಟ್ಟೆ. ಕೊಂಡ ಬೆಲೆಯಲ್ಲಿ ನೂರಕ್ಕೆ 45 ಸಿಕ್ಕಿರಬೇಕು, ಹೆಚ್ಚಿಲ್ಲ. ಹೊಸ ಬಾಡಿ ಚೆನ್ನಾಗಿಯೇ ಇತ್ತು. ಆದರೆ ಚಿಟ್ಟೆಯಂಥ ಚಿಕ್ಕದನ್ನು ಹತ್ತಿರದಿಂದ ತೆಗೆಯುವ ನನ್ನ ಮ್ಯಾಕ್ರೋ ಲೆನ್ಸಿಗೆ ಸಮನಾದದ್ದು ಅಲ್ಲಿ ನನ್ನ ಬಜೆಟ್ಟಿಗೆ ಎಟುಕಲಿಲ್ಲ. ಬೇರೆ ಬ್ರಾಂಡಿನ ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ, ಬೇರೆ ಕಂಪನಿಯ ಅಡಾಪ್ಟರ್ ಹಾಕಿದೆ. ಫೋಕಸ್ ಹಿಂದೆ ಮುಂದೆ ಅಲೆಯುವಷ್ಟರಲ್ಲಿ ಚಿಟ್ಟೆ ಹಾರಿಹೋಗಿರುತ್ತಿತ್ತು. ಹದಿನಾಲ್ಕು ತಿಂಗಳಿಗೆ ಹಳೆಯ ಬ್ರಾಂಡಿಗೇ ವಾಪಸ್ ಬಂದೆ. ಹೋಗಿ ಬಂದ ಖರ್ಚು ಕೂಡಿಸಿದರೆ ಒಳ್ಳೆಯ 100-400 ಝೂಮ್ ಒಂದನ್ನು ಕೊಳ್ಳಬಹುದಿತ್ತು. ಮನೆಯಲ್ಲಿ ಆ ಲೆಕ್ಕ ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಆದ್ದರಿಂದ ಮಿರರ್‌ಲೆಸ್ಸಿಗೆ, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ, ಹೋಗುವ ಆಸೆ ಬಂದಾಗ ಮೊದಲು ಹಾಳಾದ ಫ್ರೇಮುಗಳ ಕಡೆ ನೋಡಿದೆ. ಮೂರು ತಿಂಗಳಲ್ಲಿ ಒತ್ತಿದ್ದು ಸುಮಾರು 4,000 ಫ್ರೇಮ್. ಮಾಮೂಲಿನಂತೆ ಡಿಲೀಟ್ ಆಗಬೇಕಿದ್ದವು 1,400. ಪ್ರತಿಯೊಂದಕ್ಕೂ ಒಂದು ಬಣ್ಣದ ಗುರುತು ಹಾಕಿದೆ, ಯಾಕೆ ಕೆಟ್ಟಿತು ಅಂತ. ಶಟರ್ ನಿಧಾನವಾಗಿ ಅಲುಗಿದವು 500. ಕ್ಷಣ ತಪ್ಪಿದವು, ಚೌಕಟ್ಟು ಕೆಟ್ಟವು 400. ಫೋಕಸ್ ತಪ್ಪಿದವು 350. ಉಳಿದದ್ದು ಎಕ್ಸ್‌ಪೋಶರ್ (ಬೆಳಕು ಹೆಚ್ಚು ಕಡಿಮೆ), ನಾಯ್ಸ್ (ಕಾಳುಕಾಳಾದ ಚಿತ್ರ). ಅಂದರೆ ದೊಡ್ಡ ಗುಂಪಿಗೂ ಬ್ರಾಂಡಿಗೂ ಸಂಬಂಧವೇ ಇರಲಿಲ್ಲ. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಹೊಂದಿಸುವ ಆಟೋ ಐಎಸ್ಒದಲ್ಲಿ ಕನಿಷ್ಠ ಶಟರ್ ವೇಗ 1/500 ಸೆಕೆಂಡಿಗೆ ಕಟ್ಟಿಹಾಕಿದೆ, ಮರುವಾರದಿಂದಲೇ ಅಲುಗಿದವು ಅರ್ಧಕ್ಕಿಂತ ಕೆಳಗೆ ಬಂದವು. ಖರ್ಚು ಸೊನ್ನೆ.

ಫೋಕಸ್ ತಪ್ಪಿದ 350ರ ಮೇಲೆ ಬಹಳ ದಿನ ಕೂತೆ. ನನ್ನ ಹಳೆಯದರಂಥ, ಕನ್ನಡಿ ಇರುವ ಡಿಎಸ್ಎಲ್ಆರಿನಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಎರಡರ ನಡುವೆ ಕೂದಲೆಳೆ ವ್ಯತ್ಯಾಸ ಬಂದರೂ ಚಿತ್ರದಲ್ಲಿ ಕಣ್ಣಿನ ಬದಲು ಕಿವಿ ಚೂಪಾಗಿ, ಅಂದರೆ ಸ್ಪಷ್ಟವಾಗಿ, ಬರುತ್ತದೆ. ನನ್ನ 85 ಮಿ.ಮೀ. ಲೆನ್ಸ್ ಮಾಡುತ್ತಿದ್ದದ್ದು ಅದನ್ನೇ. ಈ ವ್ಯತ್ಯಾಸ ಸರಿಪಡಿಸಲು ಕ್ಯಾಮೆರಾದಲ್ಲೇ ಇರುವ ಮೈಕ್ರೋ ಅಡ್ಜಸ್ಟ್‌ಮೆಂಟಿನಲ್ಲಿ ಏಳೋ ಎಂಟೋ ಹೆಜ್ಜೆ ತಿದ್ದಿದೆ. 350ರಲ್ಲಿ ಅರ್ಧದಷ್ಟು ಈ ಬಗೆಯವು, ಅವುಗಳ ಕಾಟ ಅಲ್ಲಿಗೆ ಮುಗಿಯಿತು. ಕೊನೆಗೆ ಉಳಿದವು 170 ಚಿಲ್ಲರೆ: ಹಾರುವ ಹಕ್ಕಿ, ಎದುರಿಗೆ ಓಡಿಬರುವ ಮಗು, ಫೋಕಸ್ ಪಾಯಿಂಟೇ ಇಲ್ಲದ ಫ್ರೇಮಿನ ಅಂಚಿಗೆ ಬಂದ ಮುಖ.

1,400ರಲ್ಲಿ 170 ಅಂದರೆ ನೂರಕ್ಕೆ ಹನ್ನೆರಡು. ಇಷ್ಟಕ್ಕೆ ಬ್ರಾಂಡ್ ಬದಲಿಸಬೇಕೇ ಎಂದು ಯಾರಾದರೂ ಕೇಳುತ್ತಾರೆ, ನಾನೂ ಕೇಳಿಕೊಂಡೆ. ಆದರೆ ನಾನು ನಸುಕಿನಲ್ಲಿ ಎದ್ದು ಹೋಗುವುದೇ ಆ 170ಕ್ಕೆ. ನೀರಿಗೆ ಬೀಳುವ ಮಿಂಚುಳ್ಳಿಗೆ. ಉಳಿದದ್ದೆಲ್ಲ ದಾರಿಯಲ್ಲಿ ಸಿಕ್ಕಿದ್ದು.

ಆಮೇಲೆ ಎರಡು ವಾರಾಂತ್ಯ ಬಾಡಿಗೆಗೆ ತಂದೆ. ಒಮ್ಮೆ ನನ್ನ ಬ್ರಾಂಡಿನದೇ ಮಿರರ್‌ಲೆಸ್, ಒಮ್ಮೆ ಇನ್ನೊಂದು. ಅದೇ ಜಾಗ, ಅದೇ ಹೊತ್ತು. ಹಳೆಯ ಬಾಡಿಯಲ್ಲಿ ಹಾರುವ ಹಕ್ಕಿಯ ನೂರು ಫ್ರೇಮಿಗೆ 45 ಫೋಕಸ್ ಆಗುತ್ತಿದ್ದವು. ನನ್ನ ಬ್ರಾಂಡಿನ ಹೊಸದರಲ್ಲಿ ಅರವತ್ತರ ಮೇಲೆ, ಇನ್ನೊಂದರಲ್ಲಿ 80ರ ಆಸುಪಾಸು. ಎರಡರಲ್ಲೂ ಮೊದಲ ದಿನ ಇದಕ್ಕಿಂತ ತೀರಾ ಕಡಿಮೆ ಬಂದಿತ್ತು. ಚಲಿಸುವುದನ್ನು ಫೋಕಸ್ ಹಿಂಬಾಲಿಸುವ ಟ್ರ್ಯಾಕಿಂಗಿನಲ್ಲಿ ಎರಡು ಸೆಟ್ಟಿಂಗ್ ಬದಲಿಸಿದ ಮೇಲೆ ಏರಿತು. ಆ ಎರಡು ಯಾವುವು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬ್ರಾಂಡ್ ಬಿಡದಿದ್ದರೆ ಲೆನ್ಸೆಲ್ಲ ಉಳಿಯುತ್ತವೆ ಅನ್ನುವ ಮಾತನ್ನು ಕುರುಡಾಗಿ ನಂಬಬೇಡಿ. ಉದಾಹರಣೆಗೆ, ಲೆನ್ಸ್ ಕೂರುವ ಮೌಂಟಿನಿಂದ ಸೆನ್ಸರಿಗೆ ಇರುವ ದೂರ ಕ್ಯಾನನ್ನಿನ ಡಿಎಸ್ಎಲ್ಆರ್ ಮೌಂಟ್ ಇಎಫ್‌ನಲ್ಲಿ 44 ಮಿ.ಮೀ., ಮಿರರ್‌ಲೆಸ್ ಮೌಂಟ್ ಆರ್‌ಎಫ್‌ನಲ್ಲಿ 20. ನಡುವಿನ 24 ಮಿ.ಮೀ. ತುಂಬಲು ಖಾಲಿ ಕೊಳವೆ ಸಾಕು, ಗಾಜು ಬೇಡ. ನಿಕಾನ್ ಎಫ್ 46.5, ಝಡ್ 16, ಅಲ್ಲೂ ಅದೇ ಕಥೆ. ಆದರೆ ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಸ್ಕ್ರೂ ತಿರುಗಿಸುವ ಮೋಟರ್ ಇಲ್ಲ, ಹಾಗಾಗಿ ಒಳಗೆ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳನ್ನು ಕೈಯಲ್ಲೇ ಫೋಕಸ್ ಮಾಡಬೇಕು. ನಿಮ್ಮ ಒಂದೊಂದು ಲೆನ್ಸನ್ನೂ ಹಾಕಿ ನೋಡಿ. ನಾನು ನೋಡಿದೆ. ನಾಲ್ಕರಲ್ಲಿ ದಿನವೂ ಬಳಸುವವು ಎರಡೇ ಎಂದೂ ಆಗಲೇ ಗೊತ್ತಾಯಿತು.

ನಡುವೆ ಒಂದು ಬೇರೆ ಪರೀಕ್ಷೆ. ಈ ಬ್ರಾಂಡಿನ ಚರ್ಮದ ಬಣ್ಣವೇ ಬೇರೆ ಎಂದು ಆಣೆ ಇಡುವವರು ನನ್ನ ಗುಂಪಿನಲ್ಲಿ ನಾಲ್ವರಿದ್ದಾರೆ. ಎರಡೂ ಕ್ಯಾಮೆರಾದಲ್ಲಿ ಒಂದೇ ಬೆಳಕಿನಲ್ಲಿ ರಾ (ಸೆನ್ಸರಿನ ಕಚ್ಚಾ ಫೈಲ್) ತೆಗೆದು, ಗ್ರೇ ಕಾರ್ಡಿನಿಂದ ವೈಟ್ ಬ್ಯಾಲೆನ್ಸ್ ಸರಿಮಾಡಿ, ಬಣ್ಣದ ಪ್ರೊಫೈಲ್ ಹೊಂದಿಸಿ 20 ಪ್ರಿಂಟ್ ಅವರ ಮುಂದೆ ಹರಡಿದೆ. ಯಾವುದು ಯಾವ ಬ್ರಾಂಡಿನದು ಎಂದು ಅತಿ ಹೆಚ್ಚು ಸರಿ ಹೇಳಿದವರದು 20ರಲ್ಲಿ 12, ಅತಿ ಕಡಿಮೆ ಹೇಳಿದವರದು 9. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಕ್ಯಾಮೆರಾದಿಂದಲೇ ನೇರ ಜೆಪೆಗ್ ತೆಗೆಯುವವರಿಗೆ ವ್ಯತ್ಯಾಸ ಕಾಣುತ್ತದೆ, ಅದನ್ನು ಒಪ್ಪುತ್ತೇನೆ. ನಾನು ಬಣ್ಣವನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಇನ್ನೊಂದು, ಮನೆಯ ಫ್ಯಾನು. ಸದ್ದಿಲ್ಲದ ಶಟರಿನಲ್ಲಿ ತೆಗೆದರೆ ರೆಕ್ಕೆಗಳು ಕುಡುಗೋಲಿನಂತೆ ಬಾಗಿ ಬಂದವು. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಹೀಗೆ. ಹಕ್ಕಿಯ ರೆಕ್ಕೆಯೂ ಹೀಗೇ ಬಾಗುತ್ತದೆ. ಹಾರುವ ಹಕ್ಕಿಗೆ ಈಗಲೂ ಮೆಕ್ಯಾನಿಕಲ್ ಶಟರನ್ನೇ ಇಡುತ್ತೇನೆ.

ಕೊನೆಗೆ ಆ ಇನ್ನೊಂದು ಬ್ರಾಂಡಿಗೇ ಹೋದೆ. ಮಾರುವಾಗ ಹಿಂದಿನ ತಪ್ಪು ಮಾಡಲಿಲ್ಲ. ಮ್ಯಾಕ್ರೋ ಬಿಟ್ಟು ಉಳಿದ ಲೆನ್ಸುಗಳನ್ನು ಐದು ತಿಂಗಳಲ್ಲಿ ಒಂದೊಂದಾಗಿ, ಬಳಸುವವರಿಗೇ ನೇರವಾಗಿ ಕೊಟ್ಟೆ. ನೂರಕ್ಕೆ 65 ಬಂತು. ಹೊಸ ಬಾಡಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, ಶಟರ್ ಕೌಂಟ್ (ಅದುವರೆಗೆ ಶಟರ್ ಒತ್ತಿದ ಲೆಕ್ಕ) 12,000 ಹತ್ತಿರ ಇತ್ತು. ಮಾರುವವರಿಗೆ ನಾನು ಕೇಳುವ ಒಂದು ಪ್ರಶ್ನೆ ಇದೆ, ಉತ್ತರ ತಡವರಿಸಿದರೆ ಎದ್ದು ಬರುತ್ತೇನೆ. ಆ ಪ್ರಶ್ನೆಯನ್ನೂ ಇಲ್ಲಿ ಬರೆಯುವುದಿಲ್ಲ, ಮಾರುವವರೂ ಇದನ್ನು ಓದುತ್ತಾರೆ.

ಬಾಡಿ, ಲೆನ್ಸ್ ಬೆಲೆ ಒಟ್ಟು ಖರ್ಚಿನ ಮುಕ್ಕಾಲು ಭಾಗ ಮಾತ್ರ. ಉಳಿದ ಕಾಲು ಭಾಗ ಸದ್ದಿಲ್ಲದೆ ಹೋಯಿತು: ಎರಡು ಹೆಚ್ಚಿನ ಬ್ಯಾಟರಿ, ಬೇರೆ ಜಾತಿಯ ಕಾರ್ಡು, ಅದಕ್ಕೊಂದು ರೀಡರ್, ಟ್ರೈಪಾಡಿಗೆ ಕೂರಿಸುವ ಎಲ್-ಬ್ರಾಕೆಟ್, ಫಿಲ್ಟರಿನ ರಿಂಗು. 24ರಿಂದ 45 ಮೆಗಾಪಿಕ್ಸೆಲ್ಲಿಗೆ ಹೋದದ್ದರಿಂದ ಫೈಲುಗಳು ಹೆಚ್ಚುಕಡಿಮೆ ಎರಡರಷ್ಟಾಗಿ ಹೊಸ ಹಾರ್ಡ್ ಡಿಸ್ಕ್ ಬೇಕಾಯಿತು. ಹಳೆಯ ರಾ ಸಾಫ್ಟ್‌ವೇರ್ ಹೊಸ ಫೈಲನ್ನು ತೆರೆಯಲೇ ಇಲ್ಲ. ಫ್ಲಾಶುಗಳ ಟಿಟಿಎಲ್ (ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಅಳೆಯುವುದು) ಹೋಯಿತು, ಆದರೆ ನಡುವಿನ ಪಿನ್ನಿಂದ ಮ್ಯಾನ್ಯುಯಲ್ಲಾಗಿ ಉರಿಯುತ್ತವೆ. ನನಗೆ ಅಷ್ಟು ಸಾಕು.

ಕೈ ಒಗ್ಗಲು ಹತ್ತಿರ ಎರಡು ತಿಂಗಳು ಹಿಡಿಯಿತು. ಝೂಮ್ ರಿಂಗ್ ತಿರುಗುವ ದಿಕ್ಕೇ ಉಲ್ಟಾ. ಹಕ್ಕಿ ಎದ್ದ ಕ್ಷಣದಲ್ಲಿ ಹತ್ತಿರ ತರಲು ಹೋಗಿ ದೂರ ಮಾಡಿ ಎಷ್ಟೋ ಫ್ರೇಮ್ ಕಳೆದುಕೊಂಡೆ. ದಿನಾ ರಾತ್ರಿ ಕಣ್ಣು ಮುಚ್ಚಿ ಹತ್ತು ನಿಮಿಷ ತಿರುಗಿಸಿ ಕೈಗೆ ಕಲಿಸಿದೆ.

ಆರು ತಿಂಗಳ ಮೇಲೆ ಮತ್ತೆ ಎಣಿಸಿದೆ. ಹೆಚ್ಚುಕಡಿಮೆ ಅಷ್ಟೇ ಫ್ರೇಮಿಗೆ ಫೋಕಸ್ ತಪ್ಪಿದವು 60 ದಾಟಲಿಲ್ಲ. ಮಿಂಚುಳ್ಳಿ ನೀರು ಮುಟ್ಟುವ ಕ್ಷಣದ್ದು, ಕಣ್ಣು ಚೂಪಾಗಿರುವ ಏಳು ಚಿತ್ರ ನನ್ನ ಬಳಿ ಇವೆ. ಹಿಂದಿನ ಹತ್ತು ವರ್ಷದಲ್ಲಿ ಒಂದೂ ಇರಲಿಲ್ಲ. ಕ್ಷಣ ತಪ್ಪಿದವು ಮಾತ್ರ ಈಗಲೂ ಸುಮಾರು 400.

ಹಳೆಯ ಬಾಡಿ, ಮ್ಯಾಕ್ರೋ ಲೆನ್ಸ್ ಇನ್ನೂ ಕಪಾಟಿನಲ್ಲಿವೆ. ಎರಡು ಸಲ ಕೊಳ್ಳುವವರು ಬಂದರು, ಕೊಡಲಿಲ್ಲ. ಚಿಟ್ಟೆಗಳದ್ದೂ ಮೂರು ತಿಂಗಳ ಎಣಿಕೆ ಶುರು ಮಾಡಿದ್ದೇನೆ, ಈಗ ಐದನೇ ವಾರ.