ಒಂದು ಮುಡಿ ಮಕ್ಕಳ ಜೊತೆ ಪಿಲಿಕುಳಕ್ಕೆ

ಮೊದಲ ಸಲ ಮಕ್ಕಳನ್ನು ಪಿಲಿಕುಳ ನಿಸರ್ಗಧಾಮಕ್ಕೆ ಕರೆದುಕೊಂಡು ಹೋದಾಗ ಅಲ್ಲಿನ ಕುಶಲಕರ್ಮಿಗಳ ಹಳ್ಳಿಯನ್ನು ನಾವು ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದ್ದೆವು. ಕುಂಬಾರರ ಮುಂದೆ ಎರಡು ನಿಮಿಷ, ಮಗ್ಗದ ಮುಂದೆ ಎರಡು ನಿಮಿಷ, ಒಂದು ಗ್ರೂಪ್ ಫೋಟೋ. ಆಮೇಲೆ ಹುಲಿ ನೋಡೋಕೆ ಓಟ. ಮರುದಿನ ಪ್ರವಾಸದ ವರದಿ ಬರೆಸಿದೆ. ಎಲ್ಲವೂ ಒಂದೇ ಥರ. "ನಾವು ಬೆಳಿಗ್ಗೆ 6 ಗಂಟೆಗೆ ಹೊರಟೆವು" ಅಂತ ಶುರು, "ತುಂಬಾ ಸಂತೋಷವಾಯಿತು" ಅಂತ ಮುಕ್ತಾಯ. ಒಬ್ಬಳು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದಿದ್ದಳು: "ಬಸ್ಸಿನಲ್ಲಿ ಮೂರು ಸಲ ವಾಂತಿ ಆಯಿತು. ಐಸ್‌ಕ್ಯಾಂಡಿ ಚೆನ್ನಾಗಿತ್ತು."

ಬಂಟ್ವಾಳ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಗದಗ ಕಡೆ. ಇಲ್ಲಿಗೆ ಬಂದು 11 ವರ್ಷವಾದರೂ ತುಳು ಅರ್ಧಂಬರ್ಧ ಅರ್ಥವಾಗುತ್ತೆ, ಮಾತಾಡಲು ಹೋದರೆ ಮಕ್ಕಳು ನಗುತ್ತಾರೆ. ಎರಡನೇ ಸಲ ಹೋದಾಗ ಇದೇ ನನ್ನ ಕೈ ಹಿಡಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಪಿಲಿಕುಳ ಇರುವುದು ಮಂಗಳೂರಿನ ಮೂಡುಶೆಡ್ಡೆಯಲ್ಲಿ. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಅಂತ ಆ ಹೆಸರು. ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮ ಅದು. ಮೃಗಾಲಯ, ದೋಣಿ ಇರುವ ಕೆರೆ, ವಿಜ್ಞಾನ ಕೇಂದ್ರ, ತಾರಾಲಯ ಎಲ್ಲ ಒಂದೇ ಕಡೆ. ಇವುಗಳ ಮಧ್ಯೆ ಹಳೇ ಕಾಲದ ಮಾದರಿಯಲ್ಲಿ ಕಟ್ಟಿದ ಗುತ್ತಿನ ಮನೆ (ಊರಿನ ಜಮೀನ್ದಾರ ಮನೆತನದ ದೊಡ್ಡ ಮನೆ) ಇದೆ, ಕುಶಲಕರ್ಮಿಗಳು ಕೂತು ಕೆಲಸ ಮಾಡುವ ಹಳ್ಳಿ ಇದೆ. ಇಷ್ಟೆಲ್ಲ ಇರುವುದೇ ನಮ್ಮಂಥ ಮೇಷ್ಟ್ರುಗಳಿಗೆ ಕಷ್ಟ. ಹುಲಿಯ ಪಕ್ಕ ಮಡಕೆ ಇಟ್ಟರೆ ಹನ್ನೆರಡು ವರ್ಷದ ಹುಡುಗ ಯಾವುದನ್ನು ನೋಡುತ್ತಾನೆ ಹೇಳಿ.

ಎರಡನೇ ಸಲ ಹೋಗುವ ಮುಂಚೆ ಒಂದು ಶನಿವಾರ ಮಧ್ಯಾಹ್ನ ನಾನೊಬ್ಬಳೇ ಹೋಗಿ ಬಂದೆ. ಸೋಮವಾರ ರಜೆ ಅನ್ನುವುದು ಗೊತ್ತಿರಲಿ, ಗೊತ್ತಿಲ್ಲದೆ ಬಸ್ ಬುಕ್ ಮಾಡಿ ಪೇಚಾಡಿದವರನ್ನು ಕಂಡಿದ್ದೇನೆ. ಕುಂಬಾರರ ಹತ್ತಿರ ಕೂತು ನನ್ನ ಯೋಚನೆ ಹೇಳಿದೆ. ಮಕ್ಕಳು ಮುಕ್ಕಾಲು ಗಂಟೆ ನಿಮ್ಮ ಹತ್ತಿರವೇ ಇರಬೇಕು, ಆಗುತ್ತಾ ಅಂತ ಕೇಳಿದೆ. ಅವರು ನಕ್ಕರು. "ಟೀಚರ್, ಶಾಲೆಯವರು ಬರ್ತಾರೆ, ಮೊಬೈಲ್ ಹಿಡೀತಾರೆ, ಹೋಗ್ತಾರೆ. ಒಂದು ಹಣತೆ ತಗೊಳ್ಳುವವರೂ ಕಮ್ಮಿ. ಮುಕ್ಕಾಲು ಗಂಟೆ ಎಂತ ಮಾಡ್ತಾರೆ ಮಕ್ಕಳು?" ನನಗೆ ಮುಖ ತಗ್ಗಿಸುವ ಹಾಗಾಯಿತು. ಹೋದ ವರ್ಷ ಹಾಗೆ ಹೋದವರಲ್ಲಿ ನಾವೂ ಇದ್ದೆವಲ್ಲ. ಅವತ್ತೇ ತೀರ್ಮಾನ ಮಾಡಿದೆ: ಪ್ರವಾಸದ ದುಡ್ಡಿನಲ್ಲೇ ತಲೆಗೆ 30 ರೂಪಾಯಿ ಸೇರಿಸಬೇಕು, ಅದು ಕುಶಲಕರ್ಮಿಗಳ ಹತ್ತಿರ ಏನಾದರೂ ಕೊಳ್ಳೋಕೆ ಮಾತ್ರ.

ಕಾಗದಪತ್ರದ ಕೆಲಸ ಎಲ್ಲ ಶಾಲೆಯವರಿಗೂ ಗೊತ್ತಿರುವುದೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ. ಒಂದೇ ಮಾತು ಹೇಳುತ್ತೇನೆ, ಒಪ್ಪಿಗೆ ಪತ್ರದ ಕೆಳಗೆ "ಮಗುವಿಗೆ ಬಸ್ಸಿನಲ್ಲಿ ವಾಂತಿ ಆಗುತ್ತಾ?" ಅಂತ ಒಂದು ಸಾಲು ಸೇರಿಸಿ. ನಮ್ಮಲ್ಲಿ ಒಂಬತ್ತು ಮಂದಿ ಹೌದು ಅಂದರು. ಅವರನ್ನು ಮುಂದೆ ಕೂರಿಸಿ ಕೈಗೊಂದು ನಿಂಬೆಹಣ್ಣು ಕೊಟ್ಟೆ. ಬಿಸಿಯೂಟದ ಅಕ್ಕ ಬೆಳಗಿನ ಜಾವವೇ ಚಿತ್ರಾನ್ನ ಕಲಸಿ ಕೊಟ್ಟಿದ್ದರು.

ಬಸ್ಸಿನಲ್ಲೇ ಎರಡು ಮಾತು ಹೇಳಿಬಿಟ್ಟೆ. ಒಂದು, ಹುಲಿ ಊಟ ಆದಮೇಲೆ, ಖಂಡಿತ. ಹುಲಿ ಸಿಗುತ್ತೋ ಇಲ್ಲವೋ ಅನ್ನುವ ಆತಂಕ ತಲೆಯಲ್ಲಿದ್ದರೆ ಮಕ್ಕಳು ಬೇರೇನನ್ನೂ ನೋಡುವುದಿಲ್ಲ. ಎರಡು, ಗುತ್ತಿನ ಮನೆಯಲ್ಲಿ ನೀವೇ ಟೀಚರ್, ನಾನು ವಿದ್ಯಾರ್ಥಿ. ನಾನು ಗದಗಿನವಳು, ಇಲ್ಲಿನ ಸಾಮಾನಿನ ಹೆಸರು ನನಗೆ ಗೊತ್ತಿಲ್ಲ. ನೀವು ಹೇಳಿಕೊಡಬೇಕು.

ಇದು ನಾಟಕ ಆಗಿರಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಮಕ್ಕಳಿಗೂ ಅದು ಗೊತ್ತಿತ್ತು. ಗುತ್ತಿನ ಮನೆಯ ಮರದ ಕಂಬಗಳ ಮಧ್ಯೆ ಕಾಲಿಟ್ಟಿದ್ದೇ ತಡ, ಕೈ ಹಿಡಿದು ಎಳೆಯತೊಡಗಿದರು. "ಟೀಚರ್, ಇದೆಂತ ಗೊತ್ತುಂಟಾ? ಚೆನ್ನೆಮಣೆ." ಏಳೇಳರಂತೆ ಎರಡು ಸಾಲು, 14 ಗುಳಿ. ನಮ್ಮ ಕಡೆ ಅಳಗುಳಿ ಮಣೆ ಅನ್ನುತ್ತೇವೆ ಅಂದೆ. ಅಡಿಕೆ ಹಾಳೆಯಿಂದ ಮಾಡಿದ ಟೋಪಿ ತೋರಿಸಿ "ಮುಟ್ಟಾಳೆ" ಅಂದರು. ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆಗೆ "ಪತ್ತಾಯ" ಅಂದರು. ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಅವತ್ತು ಸಾಲಾಗಿ ಏಳು ಹೆಸರು ಹೇಳಿದ. ಪರೀಕ್ಷೆಯಲ್ಲಿ ಅವನಿಗೆ ಏಳು ಅಂಕ ಬರುವುದೂ ಕಷ್ಟ.

ಅಲ್ಲೇ ಮುಡಿ ಕಂಡಿತು. ನೋಡದವರಿಗೆ ಹೇಳುತ್ತೇನೆ: ಬೈಹುಲ್ಲಿನೊಳಗೆ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗದಿಂದ ಬಿಗಿದು, ಮರದ ಕೊಡತಿಯಿಂದ ಬಡಿದು ಬಡಿದು ಉಂಡೆ ಮಾಡಿದ ಮೂಟೆ. ದೂರದಿಂದ ನೋಡಿದರೆ ದೊಡ್ಡ ಕುಂಬಳಕಾಯಿ. ಗೋಣಿಚೀಲ ಇಲ್ಲ, ದಬ್ಬಳ ಇಲ್ಲ, ಹೊಲಿಗೆ ಇಲ್ಲ. ಆದರೂ ಒಂದು ಕಾಳು ಹೊರಗೆ ಬೀಳುವುದಿಲ್ಲ. ಒಂದು ಮುಡಿಗೆ ಮೂರು ಕಳಸೆ, ಒಂದು ಕಳಸೆಗೆ 14 ಸೇರು. "ಅಂದ್ರೆ 42 ಸೇರು. ನಾವೂ 42 ಮಂದಿ! ನಾವೊಂದು ಮುಡಿ ಇದ್ದೇವೆ ಟೀಚರ್" ಅಂತ ಆರನೇ ಕ್ಲಾಸಿನವಳೊಬ್ಬಳು ಕೂಗಿದಳು. ಅವತ್ತಿಡೀ ನಮ್ಮ ತಂಡದ ಹೆಸರು ಮುಡಿ.

ಸಾಲ ತೀರಿಸುವ ಹಾಗೆ ನಾನೂ ನಮ್ಮೂರಿನದ್ದೊಂದು ಹೇಳಿದೆ. ನಮ್ಮಲ್ಲಿ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಅದಕ್ಕೆ ಹಗೇವು ಅಂತ ಹೆಸರು. ಒಳಗೆ ಇಳಿಯುವ ಮುಂಚೆ ಕಂದೀಲು ಇಳಿಬಿಟ್ಟು ನೋಡಬೇಕು. ಕಂದೀಲು ಆರಿದರೆ ಒಳಗೆ ಕೆಟ್ಟ ಗಾಳಿ ತುಂಬಿದೆ ಅಂತ ಅರ್ಥ, ಇಳಿದವರು ಮೇಲೆ ಬರುವುದಿಲ್ಲ. ಮಕ್ಕಳು ಬಾಯಿ ಬಿಟ್ಟು ಕೇಳಿದರು. "ನಮ್ಮಲ್ಲಿ ಯಾಕೆ ಹಗೇವು ಇಲ್ಲ?" ಅಂತ ಒಬ್ಬ ಕೇಳಿದ. ಉತ್ತರ ನಾನು ಕೊಡಬೇಕಾಗಲಿಲ್ಲ. "ಮಾರಾಯ, ಇಲ್ಲಿ ನೆಲ ತೋಡಿದ್ರೆ ಬಾವಿ ಆಗ್ತದೆ" ಅಂತ ಪಕ್ಕದವನು ಹೇಳಿದ. ಗದಗಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಇಲ್ಲಿ ಅದರ ಐದಾರು ಪಟ್ಟು. ಅಲ್ಲಿ ಕಾಳು ನೆಲದೊಳಗೆ ಇಳಿಯಿತು, ಇಲ್ಲಿ ಹುಲ್ಲು ಸುತ್ತಿಕೊಂಡು ಅಟ್ಟ ಹತ್ತಿತು. ಮಳೆ ಹಂಚಿಕೆಯ ನಕ್ಷೆ ಇಟ್ಟುಕೊಂಡು ಎಷ್ಟು ಸಲ ಪಾಠ ಮಾಡಿದ್ದೆನೋ, ಒಂದು ಸಲವೂ ಇಷ್ಟು ಸಲೀಸಾಗಿ ತಲೆಗೆ ಹೋಗಿರಲಿಲ್ಲ.

ಆಗ ಏಳನೇ ಕ್ಲಾಸಿನ ಹುಡುಗನೊಬ್ಬ ಮುಡಿಯನ್ನೇ ನೋಡುತ್ತಾ, "ನಮ್ಮಜ್ಜ ಗೇಣಿಗೆ ಇಂಥದ್ದೇ ಹೊತ್ತುಕೊಂಡು ಹೋಗ್ತಿದ್ರಂತೆ. ಅಂಗಳದಲ್ಲೇ ಇಳಿಸಿ ಬರಬೇಕಿತ್ತಂತೆ, ಚಾವಡಿ ಹತ್ತುವ ಹಾಗಿರಲಿಲ್ಲವಂತೆ" ಅಂದ. ಹೇಳಿದವನು ನಿಂತಿದ್ದದ್ದು ಚಾವಡಿಯ ಮೇಲೆ.

ನನ್ನ ಟೈಮ್‌ಟೇಬಲ್ ಅಲ್ಲಿಗೆ ಕೆಟ್ಟಿತು. ಕೆಡಲಿ ಅಂತ ಬಿಟ್ಟೆ. ಎಲ್ಲರನ್ನೂ ಅಂಗಳಕ್ಕೆ ಕರೆದು ನೆರಳಿನಲ್ಲಿ ಕೂರಿಸಿದೆ. "ಯಾರ ಮನೆ ಜಾಗ ಡಿಕ್ಲರೇಶನ್ ಜಾಗ?" ಅಂತ ಕೇಳಿದೆ. ಈ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಶಬ್ದ ಅದು. ಅರ್ಧಕ್ಕಿಂತ ಜಾಸ್ತಿ ಕೈ ಮೇಲೆ ಬಂದವು. ಹಾಗಂದರೆ ಏನು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಜಾಗದ ಹೆಸರೇ ಅದು ಅಂದುಕೊಂಡಿದ್ದರು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂ ಸುಧಾರಣಾ ಕಾನೂನಿಗೆ ತಿದ್ದುಪಡಿ ಬಂದದ್ದು, 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂದದ್ದು, ಗೇಣಿಗೆ ಉಳುತ್ತಿದ್ದವರು ಈ ಜಮೀನು ನಾನು ಉಳುವುದು ಅಂತ ಡಿಕ್ಲರೇಶನ್ ಅರ್ಜಿ ಕೊಟ್ಟು ಟ್ರಿಬ್ಯುನಲ್ ಮುಂದೆ ನಿಂತದ್ದು, ಎಲ್ಲ ಹೇಳಿದೆ. ಪಾಠ ಪುಸ್ತಕದಲ್ಲಿ ಇದಕ್ಕೆ ಕೆಲವೇ ಸಾಲು. ಗುತ್ತಿನ ಮನೆಯ ಅಂಗಳದಲ್ಲಿ ಅರ್ಧ ಗಂಟೆ ಹಿಡಿಯಿತು. ದೊಡ್ಡ ಮನೆಯ ಚಂದ ನೋಡಿ ಬರುವುದರಲ್ಲಿ ತಪ್ಪೇನಿಲ್ಲ, ಆ ಕೆತ್ತನೆ ನಿಜಕ್ಕೂ ಚಂದ. ಆದರೆ ನಮ್ಮ ಮಕ್ಕಳ ಅಜ್ಜಂದಿರು ಆ ಮನೆಯ ಯಾವ ಬದಿಯಲ್ಲಿ ನಿಲ್ಲುತ್ತಿದ್ದರು ಅನ್ನುವುದನ್ನು ಬಿಟ್ಟು ಬರೀ ಚಂದ ತೋರಿಸಿದರೆ ಅದು ಇತಿಹಾಸದ ಪಾಠ ಅಂತ ನನಗೆ ಅನ್ನಿಸುವುದಿಲ್ಲ.

ಆಮೇಲೆ ಕುಶಲಕರ್ಮಿಗಳ ಹಳ್ಳಿ. ಇಲ್ಲಿ ನನ್ನ ಮುಖ್ಯ ಬದಲಾವಣೆ ಏನೆಂದರೆ, ಎಲ್ಲರೂ ಎಲ್ಲವನ್ನೂ ನೋಡುವ ಹಾಗಿಲ್ಲ. ಮೂರು ಗುಂಪು, ಒಂದೊಂದು ಗುಂಪು ಒಂದೊಂದೇ ಕಡೆ. ಕುಂಬಾರರ ಹತ್ತಿರ ಒಂದು, ಮಗ್ಗದ ಹತ್ತಿರ ಒಂದು, ಅವಲಕ್ಕಿ ಮಾಡುವಲ್ಲಿ ಒಂದು. ವರ್ಕ್‌ಶೀಟ್ ಕೊಡಲಿಲ್ಲ. ಕೊಟ್ಟರೆ ಮಕ್ಕಳು ಬೋರ್ಡ್ ನೋಡಿ ತುಂಬಿಸುತ್ತಾರೆ, ಕೆಲಸ ಮಾಡುವವರ ಕಡೆ ತಲೆ ಎತ್ತುವುದಿಲ್ಲ. ಒಂದೇ ಪ್ರಶ್ನೆ ಕೊಟ್ಟೆ: ಬಲಗೈ ಏನು ಮಾಡುತ್ತೆ, ಎಡಗೈ ಏನು ಮಾಡುತ್ತೆ?

ಮೊದಲ ಹತ್ತು ನಿಮಿಷ ಗುಸುಗುಸು, ತಳ್ಳಾಟ. ಆಮೇಲೆ ಸದ್ದು ಇಳಿಯಿತು. ಸುಮ್ನೆ ಕೂತು ಒಬ್ಬರ ಕೈಯನ್ನೇ ನೋಡುವುದು ಮಕ್ಕಳಿಗೆ ಬೇಜಾರು ಅಂತ ನಾವೇ ಅಂದುಕೊಂಡಿರುತ್ತೇವೆ, ಅಲ್ವಾ? ತಿರುಗುವ ಮಣ್ಣಿನ ನಡುವೆ ಹೆಬ್ಬೆರಳು ಇಳಿದ ಕೂಡಲೇ ಅಲ್ಲೊಂದು ಗುಳಿ. ಒಳಗಿನ ಬೆರಳು ಹೊರಗೆ ತಳ್ಳುತ್ತೆ, ಹೊರಗಿನ ಅಂಗೈ ಹೋಗಬೇಡ ಅಂತ ತಡೆಯುತ್ತೆ. ಆ ಎರಡರ ಜಗಳದಲ್ಲಿ ಗೋಡೆ ಮೇಲೇಳುತ್ತೆ. ಕೊನೆಗೆ ಒಂದು ನೂಲು ಹಿಡಿದು ಬುಡದಲ್ಲಿ ಸರ್ರನೆ ಎಳೆದರೆ ಮಡಕೆ ಕೈಗೆ. ಕುಂಬಾರ ಅಜ್ಜ ಆರು ಮಕ್ಕಳ ಕೈಗೂ ಮಣ್ಣು ಕೊಟ್ಟರು. ಆರೂ ಕುಸಿದವು. "ಅಜ್ಜಾ, ನಾನು ನಿಮ್ಮ ಹಾಗೆಯೇ ಹಿಡಿದದ್ದಲ್ವಾ?" ಅಂತ ಒಬ್ಬ ಕೇಳಿದ. "ಹಿಡಿದದ್ದು ಸರಿ. ಬಿಟ್ಟದ್ದು ಬೇಗ ಆಯ್ತು" ಅಂದರು ಅಜ್ಜ. ಕೈಯನ್ನು ಫಕ್ಕನೆ ತೆಗೆದರೆ ಮಣ್ಣು ಓಲಾಡಿ ಬೀಳುತ್ತೆ, ಮೆಲ್ಲಗೆ ಬಿಡಬೇಕಂತೆ.

ಹೆಂಚೂ ಇದೇ ಮಣ್ಣಿನದ್ದಾ ಅಂತ ಯಾರೋ ಕೇಳಿದರು. ನೇತ್ರಾವತಿ ನದಿಯ ಬದಿಯ ಜೇಡಿಮಣ್ಣು ಇದ್ದದ್ದಕ್ಕೇ 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು ಅನ್ನುವ ಪಾಠ ಅಲ್ಲೇ ಆಗಿಹೋಯಿತು.

ಮಗ್ಗದ ಗುಂಪು ನನ್ನ ತಪ್ಪು ಹಿಡಿಯಿತು. "ಟೀಚರ್, ಕೈ ನೋಡಿ ಅಂದ್ರಿ. ಕಾಲು ನೋಡಿ ಅನ್ನಬೇಕಿತ್ತು. ಕಾಲು ಒತ್ತದಿದ್ರೆ ಕೈಗೆ ಕೆಲಸವೇ ಇಲ್ಲ." ಸರಿ ಮಾತು. ಕಾಲಿನ ಮಣೆ ಒತ್ತಿದಾಗಲೇ ಎಳೆಗಳು ಬಾಯಿ ಬಿಡುವುದು, ಲಾಳಿ ಓಡುವುದು ಆ ಬಾಯಿಯೊಳಗೆ. ಅವಲಕ್ಕಿ ಗುಂಪು ನೋಡಿದ್ದಕ್ಕಿಂತ ತಿಂದದ್ದು ಜಾಸ್ತಿ. ಬಿಸಿ ಅವಲಕ್ಕಿಗೆ ಒಂದು ಸುಟ್ಟ ಪರಿಮಳ ಇರುತ್ತೆ, ಪ್ಯಾಕೆಟ್ಟಿನದಕ್ಕೆ ಅದು ಇಲ್ಲ ಅನ್ನುವುದು ಅವರ ಒಟ್ಟು ವರದಿ.

ಒಬ್ಬ ಹುಡುಗಿ ಹಳ್ಳಿಯನ್ನೆಲ್ಲ ಸುತ್ತಿ ಬಂದು ಮೆಲ್ಲಗೆ ಕೇಳಿದಳು, "ಟೀಚರ್, ಇಲ್ಲಿ ಬೀಡಿ ಕಟ್ಟುವವರು ಇಲ್ವಾ?" ನನಗೆ ಕಂಡಿರಲಿಲ್ಲ, ಇಲ್ಲ ಅಂದೆ. ಅವಳಮ್ಮ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ದಿನವಿಡೀ ಬೀಡಿ ಕಟ್ಟುವವರು. ನಮ್ಮ ಶಾಲೆಯ ಎಷ್ಟೋ ಮನೆಗಳಲ್ಲಿ ಪುಸ್ತಕ, ಯೂನಿಫಾರ್ಮಿಗೆ ಅದೇ ದುಡ್ಡು. "ಅಮ್ಮನೂ ಕೈ ನೋಡದೇ ಕಟ್ತಾರೆ" ಅಂದಳು. ಯಾವ ಕೆಲಸ ಪರಂಪರೆ, ಯಾವುದು ಬರೀ ಹೊಟ್ಟೆಪಾಡು ಅಂತ ಯಾರು ತೀರ್ಮಾನಿಸುತ್ತಾರೋ. ಮರುದಿನ ಅಮ್ಮನ ಎಡಗೈ, ಬಲಗೈ ಬಗ್ಗೆ ಬರೆದುಕೊಂಡು ಬಾ ಅಂದೆ. ಎರಡು ಪುಟ ತಂದಳು. ಅಷ್ಟು ಉದ್ದ ಬೇರೆ ಯಾರೂ ಬರೆಯಲಿಲ್ಲ.

ಹೊರಡುವ ಮುಂಚೆ ಎಲ್ಲರೂ 30 ರೂಪಾಯಿ ಖರ್ಚು ಮಾಡಿದರು. ಹಣತೆ, ಪುಟ್ಟ ಕುಡಿಕೆ, ಅವಲಕ್ಕಿ. ಹುಲಿಯನ್ನೂ ನೋಡಿದೆವು. ಅದು ಮಲಗಿತ್ತು.

ಸಂಜೆ ಬಸ್ಸಿನಲ್ಲಿ ತಲೆ ಎಣಿಸಿದರೆ 43. ಮತ್ತೆ ಎಣಿಸಿದೆ, 43. ಒಂದು ಕಮ್ಮಿ ಆದರೆ ಏನು ಮಾಡಬೇಕು ಅಂತ ತಯಾರಾಗಿದ್ದೆ, ಒಂದು ಜಾಸ್ತಿ ಆದರೆ ಏನು ಮಾಡುವುದು? "ಟೀಚರ್, ಮುಡಿಗೆ ಒಂದು ಸೇರು ಜಾಸ್ತಿ ಬಿತ್ತು" ಅಂತ ಹಿಂದಿನಿಂದ ನಗು. ನೋಡಿದರೆ ಬೇರೆ ಶಾಲೆಯ ಪುಟ್ಟ ಹುಡುಗ, ಅದೇ ನೀಲಿ ಯೂನಿಫಾರ್ಮ್, ಕಿಟಕಿ ಪಕ್ಕ ನಿಶ್ಚಿಂತೆಯಿಂದ ಕೂತಿದ್ದಾನೆ. ಅವನ ಬಸ್ ನಮ್ಮ ಹಿಂದೆಯೇ ನಿಂತಿತ್ತು. ಅವನ ಮೇಷ್ಟ್ರ ಮುಖ ನೋಡುವ ಹಾಗಿರಲಿಲ್ಲ. ಅವತ್ತಿನಿಂದ ನಮ್ಮ ಮಕ್ಕಳು ಪ್ರವಾಸಕ್ಕೆ ಹೊರಟರೆ ತೋಳಿಗೆ ಒಂದು ಬಣ್ಣದ ರಿಬ್ಬನ್ ಕಟ್ಟುತ್ತೇನೆ.

ಜನವರಿಯಲ್ಲಿ ಆ ಗೇಣಿಯ ಹುಡುಗ ತನ್ನ ಅಜ್ಜನನ್ನು ಶಾಲೆಗೆ ಕರೆತಂದ. ಅವರ ಕಂಕುಳಲ್ಲಿ ಬೈಹುಲ್ಲಿನ ಕಟ್ಟು. ಕೂರಲು ಕುರ್ಚಿ ಕೊಟ್ಟೆ, ಅವರು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತರು. ಮುಡಿ ಕಟ್ಟಿ ಮೂವತ್ತು ವರ್ಷದ ಮೇಲಾಯಿತಂತೆ. ಮೊದಲನೆಯದು ಬಿಚ್ಚಿಹೋಯಿತು. ತುಳುವಿನಲ್ಲಿ ಏನೋ ಬೈದುಕೊಂಡರು, ಮಕ್ಕಳೆಲ್ಲ ನಕ್ಕರು, ನನಗೆ ಯಾರೂ ಅರ್ಥ ಹೇಳಲಿಲ್ಲ. ಎರಡನೆಯದು ನಿಂತಿತು. ಬಿಸಿಯೂಟದ ಅಕ್ಕ ಕೊಟ್ಟ ಐದು ಸೇರು ಅಕ್ಕಿಯ ಸಣ್ಣ ಮುಡಿ, ಒಂದು ಬದಿ ಸ್ವಲ್ಪ ಉಬ್ಬು. ಕೊಡತಿ ಇರಲಿಲ್ಲ, ಕ್ರಿಕೆಟ್ ಬ್ಯಾಟಿನಲ್ಲಿ ಬಡಿದೆವು. ಅದನ್ನು ಒಂದು ವಾರ ಆಫೀಸ್ ರೂಮಿನ ಕಪಾಟಿನ ಮೇಲೆ ಇಟ್ಟಿದ್ದೆ. ಆಮೇಲೆ ಅಕ್ಕ ಬಂದು, "ಟೀಚರ್, ಅಕ್ಕಿ ಲೆಕ್ಕಕ್ಕೆ ಸಿಗ್ತಾ ಇಲ್ಲ" ಅಂತ ಬಿಚ್ಚಿಸಿಕೊಂಡು ಹೋದರು.