ಅಂಚೇ ರುಚಿ: ಮನೆಯಲ್ಲೇ ಬ್ರೌನಿ ಡೋನಟ್ ಮಾಡುವುದು ಹೇಗೆ?

ಬ್ರೌನಿ ತಟ್ಟೆ ಓವನ್‌ನಿಂದ ಹೊರಗೆ ಬಂತು ಅಂದರೆ ನಮ್ಮ ಮನೆಯಲ್ಲಿ ಒಂದೇ ಜಗಳ. ಮೂಲೆಯ ತುಂಡು ಯಾರಿಗೆ? ಮಗಳಿಗೂ ಅದೇ ಬೇಕು, ತಂಗಿಯ ಮಗನಿಗೂ ಅದೇ ಬೇಕು. ಅಂಚು ಸ್ವಲ್ಪ ಗರಿಗರಿ, ಅದರ ಹಿಂದೆಯೇ ಮೆತ್ತಗೆ, ಹಲ್ಲಿಗೆ ಅಂಟುವ ಚಾಕೊಲೇಟ್. ನಡುವಿನ ತುಂಡಿಗೆ ಆ ಅಂಚು ಇರುವುದಿಲ್ಲ. ಚೌಕದ ತಟ್ಟೆಗೆ ಇರೋದೇ ನಾಲ್ಕು ಮೂಲೆ.

ಅದೇ ಹಿಟ್ಟನ್ನು ಡೋನಟ್ ಅಚ್ಚಿಗೆ ಹಾಕಿದ ದಿನ ಈ ಜಗಳ ನಿಂತಿತು. ಉಂಗುರಕ್ಕೆ ಹೊರಗೂ ಅಂಚು, ಒಳಗೂ ಅಂಚು. ಯಾರ ಪಾಲಿಗೆ ಯಾವುದು ಬಂದರೂ ಅಂಚು ಸಿಕ್ಕೇ ಸಿಗುತ್ತದೆ.

ಬೇಕರಿಯ ಡೋನಟ್‌ಗೂ ಇದಕ್ಕೂ ಆಕಾರ ಮಾತ್ರ ಒಂದೇ. ಅದು ಹೆಚ್ಚಾಗಿ ಯೀಸ್ಟ್ ಹಾಕಿ, ಹಿಟ್ಟು ಉಬ್ಬಿಸಿ, ಎಣ್ಣೆಯಲ್ಲಿ ಕರಿದದ್ದು. ಇದಕ್ಕೆ ಯೀಸ್ಟ್ ಬೇಡ, ಉಬ್ಬಲಿ ಎಂದು ಗಂಟೆಗಟ್ಟಲೆ ಕಾಯೋದೂ ಬೇಡ. ಕಲಸಿ, ಅಚ್ಚಿಗೆ ತುಂಬಿ, ಬೇಯಿಸುವುದು ಅಷ್ಟೇ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಕಲಸುವುದನ್ನೂ ಬೇಗ ನಿಲ್ಲಿಸಬೇಕು, ಬೇಯಿಸುವುದನ್ನೂ ಬೇಗ ನಿಲ್ಲಿಸಬೇಕು. ಹೋಳಿಗೆ ಕಣಕ ನಾದಿದಷ್ಟೂ ಚೆಂದ ಎಂದು ಕಲಿತ ಕೈ ನಮ್ಮದು. ಇಲ್ಲಿ ಮಾತ್ರ ಪೂರ್ತಿ ಉಲ್ಟಾ.

ಏನೇನು ಬೇಕು?

6 ಡೋನಟ್‌ಗೆ ಇಷ್ಟು ಸಾಕು: ಬೆಣ್ಣೆ 60 ಗ್ರಾಂ, ಡಾರ್ಕ್ ಚಾಕೊಲೇಟ್ 60 ಗ್ರಾಂ, ಸಣ್ಣ ಸಕ್ಕರೆ 100 ಗ್ರಾಂ, ಮೊಟ್ಟೆ 1, ಹಾಲು 2 ಟೇಬಲ್ ಚಮಚ, ಮೈದಾ 60 ಗ್ರಾಂ, ಕೊಕೊ ಪುಡಿ 20 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ವೆನಿಲ್ಲಾ ಎಸೆನ್ಸ್ ಅರ್ಧ ಟೀ ಚಮಚ, ಒಂದು ಚಿಟಿಕೆ ಉಪ್ಪು. ಪಾಕೀಟಿನ ಬೆಣ್ಣೆಯಲ್ಲಿ ಉಪ್ಪು ಇದ್ದರೆ ಬೇರೆ ಉಪ್ಪು ಬೇಡ. ಇನ್‌ಸ್ಟಂಟ್ ಕಾಫಿ ಪುಡಿ ಮನೆಯಲ್ಲಿದ್ದರೆ ಕಾಲು ಚಮಚ ಸೇರಿಸಿ. ಕಾಫಿಯ ರುಚಿ ಬರುವುದಿಲ್ಲ, ಚಾಕೊಲೇಟ್ ರುಚಿಯೇ ಗಟ್ಟಿಯಾಗುತ್ತದೆ. ಫಿಲ್ಟರ್ ಕಾಫಿ ಪುಡಿ ಕರಗುವುದಿಲ್ಲ, ಅದು ಬೇಡ.

ಸಾಧ್ಯವಾದರೆ ತೂಕ ಮಾಡಿಯೇ ಹಾಕಿ. ಅದೇ ಕಪ್ಪಿನಲ್ಲಿ ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಕೇಕ್‌ನಲ್ಲಿ ಈ ವ್ಯತ್ಯಾಸ ಹೇಗೋ ನಡೆದುಹೋಗುತ್ತದೆ. ಬ್ರೌನಿಯಲ್ಲಿ ಹಿಟ್ಟು ಇರುವುದೇ ಕಮ್ಮಿ. 20 ಗ್ರಾಂ ಜಾಸ್ತಿಯಾದರೂ ಬ್ರೌನಿ ಹೋಗಿ ಒಣ ಕೇಕ್ ಆಗುತ್ತದೆ.

ಅಂಗಡಿಯಲ್ಲಿ ಎರಡು ಕಡೆ ಎಚ್ಚರ ಇರಲಿ. ಹಾಲಿಗೆ ಬೆರೆಸಿ ಕುಡಿಯುವ ಚಾಕೊಲೇಟ್ ಪುಡಿ ಬೇರೆ, ಕೊಕೊ ಪುಡಿ ಬೇರೆ. ಮೊದಲಿನದರಲ್ಲಿ ಸಕ್ಕರೆ ಇರುತ್ತದೆ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ಚಾಕೊಲೇಟ್ ಬಾರ್‌ನ ಹಿಂದೆ ಏನು ಬರೆದಿದೆ ಓದಿ. ಕೊಕೊ ಬಟರ್, ಅಂದರೆ ಕೊಕೊ ಬೀಜದ ಕೊಬ್ಬು, ಇದ್ದರೆ ನಿಜವಾದ ಚಾಕೊಲೇಟ್. ಅದರ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇದ್ದರೆ ಅದು ಕಾಂಪೌಂಡ್. ಹಿಟ್ಟಿಗೆ ನಿಜವಾದದ್ದನ್ನೇ ಹಾಕಿ, ರುಚಿ ಗೊತ್ತಾಗುತ್ತದೆ. ಮೇಲೆ ಬಳಿಯಲು ಕಾಂಪೌಂಡ್ ನಡೆಯುತ್ತದೆ. ನಮ್ಮ ಬಿಸಿಲಿಗೆ ಅದೇ ವಾಸಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊಕೊದಲ್ಲೂ ಎರಡು ಬಗೆ. 1828ರಲ್ಲಿ ನೆದರ್‌ಲೆಂಡ್ಸ್‌ನ ವಾನ್ ಹೌಟನ್ ಮನೆತನ ಕೊಕೊ ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೊಕೊ. ಅದನ್ನು ಕ್ಷಾರದಲ್ಲಿ ಹದ ಮಾಡಿ ಹುಳಿ ತೆಗೆಯುವ ವಿಧಾನವೂ ಅದೇ ಮನೆಯಿಂದ ಬಂತು. ಹಾಗೆ ಮಾಡಿದ ಕೊಕೊವನ್ನು ಡಚ್ ಕೊಕೊ ಅನ್ನುತ್ತಾರೆ. ಬಣ್ಣ ಕಡುಕಂದು, ರುಚಿ ಮೆದು. ತಿಳಿ ಕಂದು ಬಣ್ಣದ್ದು ಸಾದಾ ಕೊಕೊ, ಅದರಲ್ಲಿ ಹುಳಿ ಇರುತ್ತದೆ. ನಾವು ಬೇಕಿಂಗ್ ಪೌಡರ್ ಹಾಕುವುದರಿಂದ ಎರಡರಲ್ಲಿ ಯಾವುದಾದರೂ ಸರಿ.

ಅರ್ಧ ಮೈದಾ, ಅರ್ಧ ಜೋಳ

ಕಲಬುರಗಿಯವರು ಇದನ್ನು ಒಮ್ಮೆ ಮಾಡಲೇಬೇಕು. 60 ಗ್ರಾಂ ಮೈದಾದ ಬದಲು 30 ಗ್ರಾಂ ಮೈದಾ, 30 ಗ್ರಾಂ ಜೋಳದ ಹಿಟ್ಟು. ಹಿಟ್ಟಿಗೆ ಜಿಗುಟು ಕೊಟ್ಟು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಅದಕ್ಕೇ ರೊಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತೇವೆ. ಬಿಸಿ ನೀರಿಗೆ ಜೋಳದ ಪಿಷ್ಟ ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ಬ್ರೆಡ್ಡಿಗೆ ಗ್ಲುಟೆನ್ ಇಲ್ಲದಿದ್ದರೆ ಕಷ್ಟ. ಬ್ರೌನಿಗೆ ಅದು ಕಮ್ಮಿ ಇದ್ದಷ್ಟೂ ಒಳ್ಳೆಯದು, ಮೆತ್ತಗಾಗುತ್ತದೆ. ಜೊತೆಗೆ ಜೋಳಕ್ಕೆ ಅದರದೇ ಒಂದು ಸಿಹಿ ಇದೆ. ಕೊಕೊದ ಕಹಿಗೆ ಅದು ಚೆನ್ನಾಗಿ ಹೊಂದುತ್ತದೆ.

ಪೂರ್ತಿ ಜೋಳವನ್ನೇ ಹಾಕಿದರೆ ಅಚ್ಚಿನಿಂದ ತೆಗೆಯುವಾಗ ಪುಡಿಯಾಗುತ್ತದೆ. ಅರ್ಧಕ್ಕೆ ನಿಲ್ಲಿಸಿ. ಗಿರಣಿಯಿಂದ ತಂದ ಹೊಸ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿಯಿರಿ. ಕಲಸಿದ ಮೇಲೆ 15 ನಿಮಿಷ ಮುಚ್ಚಿಡಿ, ಇಲ್ಲದಿದ್ದರೆ ನಾಲಿಗೆಗೆ ತರಿತರಿ ಹತ್ತುತ್ತದೆ.

ಮೊಟ್ಟೆ ಬೇಡವೆಂದರೆ

ನಾನು ಒಂದು ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋದರೆ ಅಲ್ಲಿನ ಅಮ್ಮನ ಮೊದಲ ಪ್ರಶ್ನೆ, "ತತ್ತಿ ಹಾಕಿಲ್ಲ, ಹೌದಿಲ್ಲೋ?" ಅವರ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ನಮ್ಮ ಊರಲ್ಲಿ ಅಂಥ ಮನೆಗಳು ಬಹಳ. ಅವರಿಗೆ ಒಂದು ಮೊಟ್ಟೆಯ ಜಾಗದಲ್ಲಿ 60 ಗ್ರಾಂ ಗಟ್ಟಿ ಮೊಸರು, ಅದರ ಜೊತೆ ದೊಡ್ಡ ಚಿಟಿಕೆ ಅಡುಗೆ ಸೋಡಾ. ಹಾಲು ಮೊದಲು ಒಂದೇ ಚಮಚ ಹಾಕಿ, ಹಿಟ್ಟು ಗಟ್ಟಿ ಅನಿಸಿದರೆ ಮಾತ್ರ ಇನ್ನೊಂದು. ಮೊಸರಿನ ಹುಳಿ ಸೋಡಾದ ಜೊತೆ ಸೇರಿ ಗುಳ್ಳೆ ಏಳುತ್ತದೆ, ಅದರಿಂದ ಹಿಟ್ಟು ಹಗುರಾಗುತ್ತದೆ. ಬೇಸಿಗೆಯಲ್ಲಿ ಮೊಸರು ಬೇಗ ಹುಳಿ ತಿರುಗುತ್ತದೆ, ಆವತ್ತಿನದೇ ಇರಲಿ. ಮೊಟ್ಟೆಯದಕ್ಕೆ ಬರುವ ತೆಳು ಹೊಳಪಿನ ಮೇಲ್ಪದರ ಇದಕ್ಕೆ ಬರುವುದಿಲ್ಲ. ಒಳಗಿನ ಮೆತ್ತಗಿನ ಗುಣ ಮಾತ್ರ ಒಂದು ಕೈ ಮೇಲೆಯೇ. ಎರಡೂ ಬಗೆ ಮಾಡುವ ದಿನ ಮೊಟ್ಟೆ ಇಲ್ಲದ್ದನ್ನೇ ಮೊದಲು ಕಲಸಿ, ಮೊದಲು ಬೇಯಿಸಿ, ಬೇರೆ ಡಬ್ಬಿಗೆ ತುಂಬಿ. ಕೇಳಿದವರಿಗೆ ಧೈರ್ಯವಾಗಿ ಉತ್ತರ ಹೇಳಬಹುದು.

ಕಲಸುವುದು

ಮೊದಲು ಅಚ್ಚಿಗೆ ಎಣ್ಣೆ ಸವರಿ. ನಡುವಿನ ಗುಬುಟಿಗೂ ಮರೆಯದೆ ಹಚ್ಚಿ, ಡೋನಟ್ ಕಚ್ಚಿ ಹಿಡಿಯುವುದು ಅಲ್ಲೇ. ಮೇಲೆ ಸ್ವಲ್ಪ ಕೊಕೊ ಪುಡಿ ಉದುರಿಸಿ ತಟ್ಟಿಬಿಡಿ. ಮೈದಾ ಉದುರಿಸಿದರೆ ಬಿಳಿ ಕಲೆ ಉಳಿಯುತ್ತದೆ. ಓವನ್ ಅನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, 15 ನಿಮಿಷ ಖಾಲಿಯೇ ಕಾಯಲು ಬಿಡಿ.

ಒಂದು ಬೋಗುಣಿಯಲ್ಲಿ ಎರಡು ಬೆರಳಷ್ಟು ನೀರು ಕಾಯಿಸಿ ಉರಿ ಸಣ್ಣ ಮಾಡಿ. ಅದರ ಮೇಲೆ ಇನ್ನೊಂದು ಒಣ ಪಾತ್ರೆ ಇಟ್ಟು ಬೆಣ್ಣೆ, ಚಾಕೊಲೇಟ್ ಚೂರು ಹಾಕಿ. ಮೇಲಿನ ಪಾತ್ರೆಯ ತಳ ನೀರಿಗೆ ತಾಗಬಾರದು. ಚಾಕೊಲೇಟ್ ಮುಕ್ಕಾಲು ಕರಗಿದಾಗಲೇ ಕೆಳಗಿಳಿಸಿ. ಉಳಿದದ್ದು ಆ ಬಿಸಿಗೇ ಕರಗುತ್ತದೆ.

ನೀರಿನ ಬಗ್ಗೆ ಬಹಳ ಜೋಪಾನ. ಒಮ್ಮೆ ಡೋನಟ್ ಮೇಲೆ ಬಳಿಯಲು ಬರೀ ಚಾಕೊಲೇಟ್ ಕರಗಿಸುತ್ತಿದ್ದೆ. ಆಗಷ್ಟೇ ತೊಳೆದ ಚಮಚ ಅದ್ದಿದೆ. ಚಮಚದ ತುದಿಯಲ್ಲಿ ಒಂದೆರಡು ಹನಿ ನೀರು ಇದ್ದಿರಬೇಕು, ಅಷ್ಟೇ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಚಾಕೊಲೇಟ್ ನೋಡನೋಡುತ್ತಲೇ ಮಂಕಾಯಿತು. ಚಮಚದ ಸುತ್ತ ಮಣ್ಣಿನ ಹೆಂಟೆಯಂತೆ ಗಟ್ಟಿಯಾಗಿ ಕುಳಿತಿತು. ತಿರುವಿದಷ್ಟೂ ಬಿಗಿಯಾಯಿತು. ಆಗಿದ್ದು ಇಷ್ಟೇ: ಚಾಕೊಲೇಟಿನ ಒಣ ಸಕ್ಕರೆ, ಕೊಕೊ ಕಣಗಳು ಆ ಚೂರು ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಂಡವು. ಹೀಗಾದರೆ ಚೆಲ್ಲಬೇಡಿ. ಬಿಸಿ ಕ್ರೀಮ್ ಇಲ್ಲವೇ ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕುತ್ತಾ ಕದಡಿ. ನೀರಿನಂಶ ಸಾಕಷ್ಟು ಆದ ಮೇಲೆ ಮತ್ತೆ ನುಣ್ಣಗಾಗುತ್ತದೆ. ಮತ್ತೆ ಗಟ್ಟಿ ಬಾರ್ ಆಗುವುದಿಲ್ಲ, ಆದರೆ ಡೋನಟ್ ಮೇಲೆ ಸುರಿಯಲು ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಪಾತ್ರೆಯಲ್ಲಿ ಮೊಟ್ಟೆ, ಸಕ್ಕರೆ, ವೆನಿಲ್ಲಾ ಹಾಕಿ 3 ನಿಮಿಷ ಚೆನ್ನಾಗಿ ಕಡೆಯಿರಿ. ಇಲ್ಲಿ ಮಾತ್ರ ಕೈ ನಿಲ್ಲಿಸಬೇಡಿ. ಸಕ್ಕರೆ ಕರಗಿದರೇನೇ ಮೇಲೆ ಹೊಳೆಯುವ ತೆಳು ಪದರ ಬರುತ್ತದೆ. ಎರಡು ಬೆರಳ ನಡುವೆ ಒಂದು ಹನಿ ಇಟ್ಟು ಉಜ್ಜಿ ನೋಡಿ. ಸಕ್ಕರೆ ಹರಳು ತಾಗುವುದು ಹೆಚ್ಚುಕಡಿಮೆ ನಿಂತಿರಬೇಕು. ಕರಗಿಸಿದ ಚಾಕೊಲೇಟಿಗೆ ಬೆರಳು ಅದ್ದಿದರೆ ತಡೆಯುವಷ್ಟು ಬಿಸಿ ಉಳಿದಾಗ ಅದನ್ನೂ, ಹಾಲನ್ನೂ ಇದಕ್ಕೆ ಸೇರಿಸಿ. ಜಾಸ್ತಿ ಬಿಸಿ ಇದ್ದರೆ ಮೊಟ್ಟೆ ಅಲ್ಲೇ ಬೆಂದು ಎಳೆಎಳೆಯಾಗುತ್ತದೆ.

ಈಗ ಮೈದಾ, ಕೊಕೊ, ಬೇಕಿಂಗ್ ಪೌಡರ್, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ಹಾಕಿ. ಕಡೆಯಲು ಹಿಡಿದ ವಿಸ್ಕ್ ಪಕ್ಕಕ್ಕಿಡಿ. ಮರದ ಚಮಚದಿಂದ ಕೆಳಗಿನಿಂದ ಮೇಲಕ್ಕೆ ಮಗುಚಿ. ಹದಿನೈದು, ಇಪ್ಪತ್ತು ಸಲ ಸಾಕು. ಬಿಳಿ ಹಿಟ್ಟು ಕಾಣುವುದು ನಿಂತ ಕ್ಷಣ ನೀವೂ ನಿಲ್ಲಿಸಿ. ಸಣ್ಣಪುಟ್ಟ ಗಂಟು ಇದ್ದರೆ ಇರಲಿ. ಇನ್ನೂ ತಿರುವಿದರೆ ಮೈದಾದಲ್ಲಿ ಗ್ಲುಟೆನ್ ಎಳೆ ಕಟ್ಟಿ ಡೋನಟ್ ರಬ್ಬರ್ ಆಗುತ್ತದೆ.

ಹಿಟ್ಟು ದಪ್ಪ, ಚಮಚದಿಂದ ಅಚ್ಚಿಗೆ ತುಂಬಿದರೆ ಅಂಚೆಲ್ಲ ರಾಡಿ. ಹಾಲಿನ ಪಾಕೀಟು ಚೆನ್ನಾಗಿ ತೊಳೆದು ಒಣಗಿಸಿಟ್ಟುಕೊಳ್ಳಿ. ಅದರಲ್ಲಿ ಹಿಟ್ಟು ತುಂಬಿ, ಮೂಲೆ ಕತ್ತರಿಸಿ, ಮೆಹಂದಿ ಹಚ್ಚುವ ಹಾಗೆ ಸುತ್ತಲೂ ಒತ್ತುತ್ತಾ ಹೋಗಿ. ಅಚ್ಚಿನ ಮುಕ್ಕಾಲು ಭಾಗ ತುಂಬಿದರೆ ಸಾಕು. ಜಾಸ್ತಿಯಾದರೆ ನಡುವಿನ ತೂತು ಮುಚ್ಚಿಹೋಗುತ್ತದೆ.

ಬೇಯಿಸುವುದು

ಓವನ್‌ನ ನಡುವಿನ ಅಟ್ಟಣಿಗೆಯಲ್ಲಿ ಇಟ್ಟು, 10ನೇ ನಿಮಿಷಕ್ಕೆ ನೋಡಿ. ಟೂತ್‌ಪಿಕ್ ಚುಚ್ಚಿದರೆ ಹಸಿ ಹಿಟ್ಟು ಬಂದರೆ ಇನ್ನೂ ಬೇಕು. ಒದ್ದೆ ಪುಡಿ ಎರಡು ಮೂರು ಕಡೆ ಅಂಟಿಕೊಂಡು ಬಂದರೆ ಆಯಿತು, ತೆಗೆಯಿರಿ. ಕೇಕ್ ಮಾಡಿ ರೂಢಿ ಇದ್ದವರು ಕಡ್ಡಿ ಪೂರ್ತಿ ಸ್ವಚ್ಛ ಬರಲಿ ಎಂದು ಕಾಯುತ್ತಾರೆ. ಸ್ವಚ್ಛ ಬಂತು ಅಂದರೆ ಬ್ರೌನಿ ಕೈಬಿಟ್ಟಂತೆ. ಅಚ್ಚು ಹೊರಗೆ ಬಂದ ಮೇಲೂ ಬಿಸಿಯಾಗಿಯೇ ಇರುತ್ತದೆ, ಒಳಗೆ ಬೇಯುತ್ತಲೇ ಇರುತ್ತದೆ. ಆ ಲೆಕ್ಕ ಇಟ್ಟುಕೊಂಡೇ ಒಂದು ನಿಮಿಷ ಮೊದಲು ತೆಗೆಯುವುದು. ಹೆಚ್ಚೆಂದರೆ 12 ನಿಮಿಷ.

ನಡುವೆ ಕರೆಂಟ್ ಹೋಯಿತಾ? ಬಾಗಿಲು ತೆರೆಯಬೇಡಿ. ಐದಾರು ನಿಮಿಷ ಬೆಂದಿದ್ದರೆ ಒಳಗಿನ ಕಾವಿಗೇ ಬಹಳಷ್ಟು ಕೆಲಸ ಮುಗಿಯುತ್ತದೆ. 10 ನಿಮಿಷ ಬಿಟ್ಟು ಕಡ್ಡಿ ಚುಚ್ಚಿ ನೋಡಿ.

ಓವನ್ ಇಲ್ಲದಿದ್ದರೂ ಕುಕ್ಕರ್ ಇದೆಯಲ್ಲ. ದೊಡ್ಡ ಕುಕ್ಕರ್ ತೆಗೆದುಕೊಳ್ಳಿ. ಮುಚ್ಚಳದ ರಬ್ಬರ್ ತೆಗೆಯಿರಿ, ಸೀಟಿಯನ್ನೂ ತೆಗೆಯಿರಿ. ತಳಕ್ಕೆ ಒಂದು ಕಪ್ ಪುಡಿ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್. ನೀರು ಹಾಕುವುದಿಲ್ಲ. ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ಆಮೇಲೆ ಸ್ಟ್ಯಾಂಡ್ ಮೇಲೆ ಒಂದು ಸ್ಟೀಲ್ ತಟ್ಟೆ, ತಟ್ಟೆಯ ಮೇಲೆ ಒಂದೊಂದೇ ಇರುವ ಬಿಡಿ ಅಚ್ಚುಗಳು. ಸಿಲಿಕೋನ್ ಅಚ್ಚು ಕುಕ್ಕರ್‌ನ ಗೋಡೆಗೆ, ತಳಕ್ಕೆ ತಾಗಲೇಬಾರದು. ಅಚ್ಚೇ ಇಲ್ಲವೇ? ಸಣ್ಣ ಸ್ಟೀಲ್ ಬಟ್ಟಲಿನ ನಡುವೆ ಅಲ್ಯೂಮಿನಿಯಂ ಫಾಯಿಲ್ ಅನ್ನು ಗಟ್ಟಿಯಾಗಿ ಸುತ್ತಿ ಗೂಟದಂತೆ ನಿಲ್ಲಿಸಿ, ಎಣ್ಣೆ ಸವರಿ, ಸುತ್ತ ಹಿಟ್ಟು ಹಾಕಿ. ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ ಹಿಡಿಯುತ್ತದೆ. ಒಂದೊಂದು ಕುಕ್ಕರ್‌ನ ಕಾವು ಒಂದೊಂದು ಥರ. ಮೊದಲ ಸಲ 13ನೇ ನಿಮಿಷಕ್ಕೇ ಇಣುಕಿ ನೋಡಿ.

ಹೊರಗೆ ತೆಗೆದ ಮೇಲೆ 5 ನಿಮಿಷ ಅಚ್ಚಿನಲ್ಲೇ ಬಿಡಿ. ನಮ್ಮ ಅಡುಗೆ ಕಟ್ಟೆ ಶಹಾಬಾದ್ ಕಲ್ಲಿನದು. ನಾನು ಒಣ ಬಟ್ಟೆ ಹಾಸಿ ಅಚ್ಚನ್ನು ಅದರ ಮೇಲೆ ಇಡುತ್ತೇನೆ. ಬಿಸಿ ಬಿಸಿಯಲ್ಲೇ ಮಗುಚಿದರೆ ಉಂಗುರ ಎರಡು ತುಂಡಾಗುತ್ತದೆ. ಅಂಚನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಆಮೇಲೆ ಮಗುಚಿ.

ಬಿಸಿಲೂರಿನ ಚಾಕೊಲೇಟ್ ಹೊದಿಕೆ

ಕೊಕೊ ಬಟರ್ ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕೇ ಒಳ್ಳೆಯ ಚಾಕೊಲೇಟ್ ಬಾಯಲ್ಲಿಟ್ಟರೆ ಕರಗುತ್ತದೆ. ಕಲಬುರಗಿಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂದರೆ ಮಧ್ಯಾಹ್ನದ ಅಡುಗೆಮನೆಯಲ್ಲಿ ಚಾಕೊಲೇಟ್ ಗಟ್ಟಿಯಾಗಲು ಜಾಗವೇ ಇಲ್ಲ. ಪುಸ್ತಕದ ಅಳತೆಯಂತೆ ಸಮಸಮ ಕ್ರೀಮ್, ಚಾಕೊಲೇಟ್ ಹಾಕಿದರೆ ತಟ್ಟೆಗೆ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ 100 ಗ್ರಾಂ ಚಾಕೊಲೇಟಿಗೆ 50 ಮಿಲಿ ಕ್ರೀಮ್ ಸಾಕು. ಕಾಂಪೌಂಡ್ ಆದರೆ ಇನ್ನೂ ಸುಲಭ, ಬೇಗ ಹಿಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಸಮಸಮ ಹಾಕಬಹುದು.

ಕ್ರೀಮ್ ಅನ್ನು ಅಂಚಿನಲ್ಲಿ ಗುಳ್ಳೆ ಬರುವಷ್ಟು ಕಾಯಿಸಿ ಚಾಕೊಲೇಟ್ ಚೂರಿನ ಮೇಲೆ ಸುರಿಯಿರಿ. 2 ನಿಮಿಷ ಸುಮ್ನೆ ಬಿಟ್ಟು, ಆಮೇಲೆ ನಡುವಿನಿಂದ ಕದಡುತ್ತಾ ಬನ್ನಿ. ಪೂರ್ತಿ ಆರಿದ ಡೋನಟ್‌ನ ಒಂದು ಮುಖ ಅದ್ದಿ, ತಿರುಗಿಸಿ ಎತ್ತಿ.

ಮೇಲೆ ಹಾಕಲು ಬಣ್ಣದ ಸಕ್ಕರೆ ಮಣಿ ನನಗೆ ಇಷ್ಟವಿಲ್ಲ. ಇದು ಮೊದಲೇ ಸಿಹಿ. ಶೇಂಗಾ ಕೆಂಪಗೆ ಹುರಿದು, ಸಿಪ್ಪೆ ಉಜ್ಜಿ ತೆಗೆದು, ದಪ್ಪಗೆ ಕುಟ್ಟಿ. ಎರಡು ಹರಳು ಉಪ್ಪನ್ನೂ ಜೊತೆಗೇ ಕುಟ್ಟಿ. ಹೊದಿಕೆ ಹಸಿ ಇರುವಾಗಲೇ ಉದುರಿಸಿದರೆ ಅಂಟಿಕೊಳ್ಳುತ್ತದೆ. ಆಮೇಲೆ ಫ್ರಿಜ್‌ನಲ್ಲಿ 10 ನಿಮಿಷ.

ಚಳಿಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಹೊರಗೇ ಇಡಬಹುದು. ಕ್ರೀಮ್ ಹೊದಿಕೆ ಹಾಕಿದ್ದರೆ ಯಾವ ಕಾಲವಾದರೂ ಫ್ರಿಜ್ ಬೇಕು, ಮೂರು ದಿನದೊಳಗೆ ಮುಗಿಸಿ. ಫ್ರಿಜ್‌ನಿಂದ ತೆಗೆದ ತಕ್ಷಣ ಕಲ್ಲಿನ ಹಾಗಿರುತ್ತದೆ, ಬೆಣ್ಣೆ ಹೆಪ್ಪುಗಟ್ಟಿರುತ್ತದೆ ಅಲ್ವಾ? ತಿನ್ನುವ 20 ನಿಮಿಷ ಮೊದಲು ಹೊರಗಿಡಿ. ಬೇಸಿಗೆಯಾದರೆ ಹತ್ತೇ ನಿಮಿಷ ಸಾಕು.