ಕತ್ತರಿಗೆ ಮೊದಲು ಕನ್ನಡಿ

ಪುಣೆಯ ಕೋಥ್ರೂಡ್‌ನಿಂದ ಹಿಂಜವಡಿಗೆ ದಿನವೂ ಸ್ಕೂಟರ್‌ನಲ್ಲಿ ಹೋಗಿಬರುವ ನನಗೆ ಜೀನ್ಸ್‌ನ ಹೊಲಿಗೆ ತಾಗಿ ಯೋನಿಯ ಒಳತುಟಿ ಕೆಂಪಾಗಿ ಉರಿಯುತ್ತಿತ್ತು. ಹತ್ತಿಯ ಒಳಉಡುಪು, ಸಡಿಲ ಸಲ್ವಾರ್, ವ್ಯಾಸಲೀನ್, ಎಲ್ಲವನ್ನೂ ಎರಡು ವರ್ಷ ಮಾಡಿ ನೋಡಿದೆ. ಧಾರವಾಡದಲ್ಲಿರುವ ಅವ್ವನ ಮುಂದೆ ಹೇಳಲು ಬಾಯೇ ಬರಲಿಲ್ಲ. ಕೊನೆಗೆ 38ನೇ ವಯಸ್ಸಿನಲ್ಲಿ ಒಳತುಟಿ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅದೇ ಯೋಚನೆಯಲ್ಲಿರುವ ಅಕ್ಕತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಗನ್ನಡಿ ಹಿಡಿದು ನೋಡಿಕೊಳ್ಳಿ. ತೊಂದರೆ ಎಲ್ಲಿ, ಯಾವಾಗ ಎಂದು ಒಂದು ಚೀಟಿಯಲ್ಲಿ ಬರೆಯಿರಿ. 'ನೋಡಲು ಚೆನ್ನಾಗಿಲ್ಲ' ಎಂಬುದಷ್ಟೇ ಅದರಲ್ಲಿದ್ದರೆ ಆತುರ ಬೇಡ. ಸ್ವಿಟ್ಜರ್ಲೆಂಡಿನ ಲೂಸರ್ನ್‌ನ ವೈದ್ಯರು 600ಕ್ಕೂ ಹೆಚ್ಚು ಮಹಿಳೆಯರನ್ನು ಅಳೆದು 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಳತುಟಿಯ ಉದ್ದ 5 ಮಿಲಿಮೀಟರಿನಿಂದ 10 ಸೆಂಟಿಮೀಟರಿನವರೆಗೂ ಇತ್ತು. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು, ಬಣ್ಣ ಕಪ್ಪು: ಇವು ಯಾವುವೂ ರೋಗವಲ್ಲ. ಗಂಡ ಆಡಿದ ಒಂದು ಮಾತಿಗೆ ಮೈಮೇಲೆ ಕತ್ತರಿ ಹಾಕಿಸಿಕೊಳ್ಳಬೇಡಿ.

ನನ್ನಂತೆ ಉಜ್ಜಿ ಉರಿಯುವವರಿಗೆ ಇರುವುದು ಲೇಬಿಯಾಪ್ಲಾಸ್ಟಿ, ಅಂದರೆ ಒಳತುಟಿಯನ್ನು ತಗ್ಗಿಸುವುದು. ಅಂಚನ್ನೇ ಕತ್ತರಿಸುವುದು ಒಂದು ವಿಧಾನ. ನಡುವೆ ತ್ರಿಕೋನಾಕಾರದ ತುಂಡು ತೆಗೆದು ಜೋಡಿಸುವುದು ಇನ್ನೊಂದು. ಇದರಲ್ಲಿ ಸಹಜ ಅಂಚು ಉಳಿಯುತ್ತದೆ, ಆದರೆ ಹೊಲಿಗೆ ಬಿಟ್ಟುಕೊಳ್ಳುವ ಅಪಾಯವೂ ಇದೆ. ಹೆರಿಗೆಯಲ್ಲಿ ಹರಿದು ಸರಿಯಾಗಿ ಕೂಡದ ಭಾಗಕ್ಕೆ ಪೆರಿನಿಯೋಪ್ಲಾಸ್ಟಿ, ಅಂದರೆ ಯೋನಿ ಮತ್ತು ಗುದದ್ವಾರದ ನಡುವಿನ ಜಾಗವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಸಡಿಲವಾಗಿದೆ, ಕೆಮ್ಮಿದರೆ ಮೂತ್ರ ಸೋರುತ್ತದೆ ಎನ್ನುವವರು ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ಕೀಗಲ್ ವ್ಯಾಯಾಮ (ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಕಲಿಯಬೇಕು. ಕನ್ಯಾಪೊರೆ ಹೊಲಿಸುವುದರಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಪೊರೆ ನೋಡಿ ಕನ್ಯತ್ವ ಹೇಳಲು ಯಾವ ವೈದ್ಯರಿಗೂ ಆಗದು.

ನಾನು ಮೊದಲು ಹೋದ ಕ್ಲಿನಿಕ್‌ನಲ್ಲಿ ಪರೀಕ್ಷಿಸುವ ಮೊದಲೇ ಯೋನಿಯ ಒಳಗೆ ಲೇಸರ್ ಮಾಡಿಸಿಕೊಳ್ಳಿ, ಇಂದೇ ಹಣ ಕಟ್ಟಿದರೆ ರಿಯಾಯಿತಿ ಎಂದರು. ನಾನು ಹೇಳಿದ ಉರಿಗೂ ಆ ಲೇಸರ್‌ಗೂ ಸಂಬಂಧವೇ ಇರಲಿಲ್ಲ. ಇಂಥ 'ಯೌವನ ಮರಳಿಸುವ' ಉಪಕರಣಗಳಿಂದ ಸುಟ್ಟಗಾಯ, ಕಲೆ, ನಿಲ್ಲದ ನೋವು ಉಂಟಾಗಬಹುದೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲೇ ಎಚ್ಚರಿಸಿದೆ. ಚೀಲ ಎತ್ತಿಕೊಂಡು ಹೊರಬಂದೆ.

ವೈದ್ಯರ ಹೆಸರು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಎಂಬ ತಜ್ಞ ಪದವಿ ಇದೆಯೇ ನೋಡಿ. ಸ್ಪರ್ಶಜ್ಞಾನ ಕಡಿಮೆಯಾಗಬಹುದೇ, ಹೊಲಿಗೆ ಬಿಟ್ಟರೆ ಖರ್ಚು ಯಾರದು ಎಂದು ಬಾಯಿಬಿಟ್ಟು ಕೇಳಿ. ಅಂದಕ್ಕಾಗಿ ಮಾಡಿಸಿದರೆ ಸಾಮಾನ್ಯವಾಗಿ ವಿಮೆ ಸಿಗದು, ಮೇಲೆ 18% ಜಿಎಸ್‌ಟಿ.

ಶಸ್ತ್ರಚಿಕಿತ್ಸೆಯಾದ ಮೊದಲ ಮೂರು ದಿನ ಊತಕ್ಕೆ ನಾನೇ ಹೆದರಿದ್ದೆ. ಟವೆಲ್‌ನಲ್ಲಿ ಸುತ್ತಿದ ಐಸ್ ಇಟ್ಟುಕೊಂಡು ಮಗ್ಗುಲಾಗಿ ಮಲಗುತ್ತಿದ್ದೆ. ಮೂತ್ರ ಮಾಡುವಾಗ ತಂಬಿಗೆಯಿಂದ ಉಗುರುಬೆಚ್ಚಗಿನ ನೀರು ಸುರಿದುಕೊಂಡರೆ ಉರಿ ತಗ್ಗುತ್ತಿತ್ತು. ಹೊಲಿಗೆ ತಾನಾಗಿ ಕರಗಿತು. ಆರು ವಾರ ಸಂಭೋಗವಿಲ್ಲ, ಸ್ಕೂಟರ್ ಇಲ್ಲ. ಜ್ವರ, ಕೀವು, ಪ್ಯಾಡ್ ತೊಯ್ಯುವಷ್ಟು ರಕ್ತ ಕಂಡರೆ ನಡುರಾತ್ರಿಯಾದರೂ ವೈದ್ಯರಿಗೆ ಕರೆ ಮಾಡಿ, ನಾಚಿಕೊಂಡು ಬೆಳಗಿನ ತನಕ ಕಾಯಬೇಡಿ.